ಬಿಲ್ ಬರೆಯುವ ತಂತ್ರಾಂಶ: ಕೀಲಿಕೈ ಯಾರ ಬಳಿ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಲೆಕ್ಕಪತ್ರ ಹೊಸ ವಿದ್ಯೆಯಲ್ಲ. ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿ.ಎಸ್.ಎಸ್. ಹುಟ್ಟಿದ್ದು 1923ರಲ್ಲಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಣೆಗೊಂಡ ಅಡಿಕೆ ಟೆಂಡರಿಗೆ ಹೋಗಿ, ತೂಕವಾಗಿ, ಕಮಿಷನ್ನು, ಮುಂಗಡ ಕಳೆದು ಉಳಿದ ಹಣ ಬೆಳೆಗಾರನ ಖಾತೆಗೆ ಜಮೆಯಾಗುವವರೆಗೆ ಪ್ರತಿ ಹಂತಕ್ಕೂ ಒಂದು ಚೀಟಿ ಇರುತ್ತದೆ. ಆ ವ್ಯವಸ್ಥೆಯಲ್ಲಿ ಒಂದು ಸಣ್ಣ ಸಂಗತಿಯನ್ನು ನೀವು ಗಮನಿಸಿರಬಹುದು. ಕಿರ್ದಿ ಬರೆಯುವ ಗುಮಾಸ್ತರ ಕೈಯಲ್ಲಿ ಗೋದಾಮಿನ ಕೀಲಿ ಇರುವುದಿಲ್ಲ. ಗೋದಾಮು ನೋಡಿಕೊಳ್ಳುವವರು ಕಿರ್ದಿ ಬರೆಯುವುದಿಲ್ಲ.

ಈಗ ಇದೇ ಸೀಮೆಯ ಇಬ್ಬರು ಯುವ ಪದವೀಧರರು ವೆಬ್ ಹೋಸ್ಟಿಂಗ್ ಕಂಪನಿಯೊಂದನ್ನು ತೆರೆದರು ಎಂದಿಟ್ಟುಕೊಳ್ಳೋಣ. ಮುಂಬಯಿಯದೋ ಬೆಂಗಳೂರಿನದೋ ದತ್ತಾಂಶ ಕೇಂದ್ರದಲ್ಲಿ ಒಂದು ಸರ್ವರನ್ನು ಬಾಡಿಗೆಗೆ ಪಡೆದು, ಅದನ್ನು ಪಾಲು ಮಾಡಿ ಗ್ರಾಹಕರ ಜಾಲತಾಣಗಳಿಗೆ ಜಾಗ ಕೊಡುವುದು ಇವರ ಕೆಲಸ. ಜೋಗ, ಮಾಗೋಡು, ಸಾತೊಡ್ಡಿ ನೋಡಲು ಬರುವವರಿಗಾಗಿ ತೆರೆದ ಹೋಂ ಸ್ಟೇಗಳು, ಪ್ರೌಢಶಾಲೆಗಳು, ಸಹಕಾರಿ ಸಂಘಗಳು, ಜೇನುತುಪ್ಪ ಮತ್ತು ಕೋಕಂ ಮಾರುವವರು ಇವರ ಗ್ರಾಹಕರು. ಐವತ್ತು ಗ್ರಾಹಕರಿರುವವರೆಗೆ ಬಿಲ್ ಪುಸ್ತಕ ಸಾಕು. ಇನ್ನೂರಾದಾಗ ಯಾರ ನವೀಕರಣ ಯಾವ ದಿನ ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ಆಗ ಬಿಲ್ಲಿಂಗ್ ತಂತ್ರಾಂಶ ಬೇಕಾಗುತ್ತದೆ. ಮಾರುಕಟ್ಟೆಯಲ್ಲಿರುವ ಎಲ್ಲ ತಂತ್ರಾಂಶಗಳೂ ತಮ್ಮನ್ನು 'ಸುರಕ್ಷಿತ' ಮತ್ತು 'ವಿಸ್ತರಣಾಯೋಗ್ಯ' ಎಂದು ಒಂದೇ ಉಸಿರಿನಲ್ಲಿ ಹೊಗಳಿಕೊಳ್ಳುತ್ತವೆ. ಈ ಎರಡು ಮಾತುಗಳನ್ನು ಒರೆಗೆ ಹಚ್ಚುವುದೇ ಈ ವಿಮರ್ಶೆಯ ಉದ್ದೇಶ.

ಗುಮಾಸ್ತನೂ ಅವನೇ, ಗೋದಾಮಿನವನೂ ಅವನೇ

ಹೋಸ್ಟಿಂಗ್ ಬಿಲ್ಲಿಂಗ್ ತಂತ್ರಾಂಶ ಅಂಗಡಿಯ ಬಿಲ್ಲಿಂಗ್ ತಂತ್ರಾಂಶದಂತಲ್ಲ. ಅಂಗಡಿಯ ತಂತ್ರಾಂಶ ಲೆಕ್ಕ ಬರೆದು ಸುಮ್ಮನಾಗುತ್ತದೆ. ಇದು ಹಾಗಲ್ಲ. ಹಣ ಬಂದ ಕೂಡಲೇ ಸರ್ವರಿನ ನಿಯಂತ್ರಣ ಫಲಕಕ್ಕೆ ಆಜ್ಞೆ ಕಳುಹಿಸಿ ಖಾತೆ ತೆರೆಯುತ್ತದೆ. ಡೊಮೇನ್ ಹೆಸರನ್ನು ನೋಂದಾಯಿಸುತ್ತದೆ. ಹಣ ಬಾರದಿದ್ದರೆ ಜಾಲತಾಣವನ್ನು ಅಮಾನತಿನಲ್ಲಿಡುತ್ತದೆ. ಇನ್ನೂ ಕೆಲವು ದಿನ ಕಳೆದರೆ ಅಳಿಸಿಯೂ ಹಾಕಬಲ್ಲದು. ಇಷ್ಟೆಲ್ಲ ಮಾಡಬೇಕಾದರೆ ಎಲ್ಲ ಸರ್ವರುಗಳ ಕೀಲಿಗಳು, ಡೊಮೇನ್ ನೋಂದಣಿದಾರರ ಗುಪ್ತಸಂಕೇತಗಳು, ಪಾವತಿ ದ್ವಾರದ ರಹಸ್ಯ ಸಂಖ್ಯೆಗಳು ಅದರ ಬಳಿಯೇ ಇರಬೇಕು. ಸಹಕಾರಿ ಸಂಘದಲ್ಲಿ ಬೇರೆಬೇರೆ ಮಾಡಿಟ್ಟ ಎರಡು ಹುದ್ದೆಗಳು ಇಲ್ಲಿ ಒಂದಾಗಿವೆ.

ಆದ್ದರಿಂದ ಈ ತಂತ್ರಾಂಶಕ್ಕೆ ಕನ್ನ ಬಿದ್ದರೆ ಹೋಗುವುದು ಲೆಕ್ಕ ಮಾತ್ರವಲ್ಲ, ಇನ್ನೂರು ಗ್ರಾಹಕರ ಜಾಲತಾಣಗಳೂ ಹೋಗುತ್ತವೆ. ಶಾಲೆಯೊಂದರ ಹತ್ತು ವರ್ಷದ ಫೋಟೊ ಸಂಗ್ರಹ, ಹೋಂ ಸ್ಟೇಯ ಕಾಯ್ದಿರಿಸುವಿಕೆಯ ಪಟ್ಟಿ ಎಲ್ಲವೂ ಅದರಲ್ಲಿ ಸೇರಿವೆ. ತಂತ್ರಾಂಶ ಆರಿಸುವಾಗ ಬಿಲ್ಲಿನ ಅಂದಚೆಂದಕ್ಕಿಂತ ಮೊದಲು ಈ ಅಪಾಯವನ್ನು ತೂಗಬೇಕು.

ಎರಡು ಹಳೆಯ ಪಾಠಗಳು

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಡಬ್ಲ್ಯು.ಎಚ್.ಎಂ.ಸಿ.ಎಸ್. ಎಂಬ ತಂತ್ರಾಂಶ. 2012ರ ಮೇ ತಿಂಗಳಲ್ಲಿ ಯು.ಜಿ.ನಾಝಿ ಎಂಬ ಗುಂಪು ಅದನ್ನು ತಯಾರಿಸುವ ಕಂಪನಿಯ ಸರ್ವರಿಗೇ ನುಗ್ಗಿ, 5 ಲಕ್ಷದಷ್ಟು ಗ್ರಾಹಕ ದಾಖಲೆಗಳನ್ನು ಬಯಲು ಮಾಡಿತು. ನುಗ್ಗಲು ಬಳಸಿದ ದಾರಿ ಯಾವುದು ಗೊತ್ತೆ? ತಂತ್ರಾಂಶದ ದೋಷವಲ್ಲ. ಆ ಕಂಪನಿಗೆ ಸರ್ವರ್ ಒದಗಿಸುತ್ತಿದ್ದವರನ್ನು ಸಂಪರ್ಕಿಸಿ, ತಾನೇ ಮಾಲೀಕ ಎಂದು ನಂಬಿಸಿ, ಗುರುತಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟು ಪ್ರವೇಶ ಪಡೆದಿದ್ದರು. ಪಾಸ್‌ವರ್ಡುಗಳು ಹಿಂದಿರುಗಿಸಲಾಗದ ರೂಪದಲ್ಲಿದ್ದವು. ಆದರೆ ಕಾರ್ಡ್ ಸಂಖ್ಯೆಗಳು ಗೂಢಲಿಪಿಯಲ್ಲಿದ್ದರೂ ಅಪಾಯಕ್ಕೆ ಸಿಲುಕಿದವು. ಇಂಥ ತಂತ್ರಾಂಶದಲ್ಲಿ ಗೂಢಲಿಪಿಯ ಕೀಲಿ ಅದೇ ಸರ್ವರಿನ ಸಂರಚನಾ ಕಡತದಲ್ಲಿಯೇ ಇರುತ್ತದೆ. ಬೀಗ ಹಾಕಿ ಕೀಲಿಯನ್ನು ಬಾಗಿಲ ಮೇಲಿನ ಗೂಡಿನಲ್ಲಿಟ್ಟಂತೆ.

ಎರಡನೆಯ ಪಾಠ 2013ರ ಅಕ್ಟೋಬರ್ 3ರದು. ಅಂದು ಪ್ರಕಟವಾದದ್ದು ಅದೇ ತಂತ್ರಾಂಶದ ಒಳಗಿನ ದೋಷ. ಬಳಕೆದಾರ ಕೊಟ್ಟ ಮಾಹಿತಿಯನ್ನು ಡೇಟಾಬೇಸಿಗೆ ಸೇರಿಸುವ ಒಂದು ಕಾರ್ಯಭಾಗದಲ್ಲಿ, ಮಾಹಿತಿ 'ಎ.ಇ.ಎಸ್. ಎನ್‌ಕ್ರಿಪ್ಟ್' ಎಂಬ ಅಕ್ಷರಗಳಿಂದ ಆರಂಭವಾದರೆ ಅದಕ್ಕೆ ಉದ್ಧರಣ ಚಿಹ್ನೆ ಹಾಕದೆ ನೇರವಾಗಿ ಒಳಗೆ ಬಿಡುವ ವ್ಯವಸ್ಥೆ ಇತ್ತು. ತಂತ್ರಾಂಶದ ಒಳಬಳಕೆಗೆಂದು ಮಾಡಿದ ಈ ರಿಯಾಯಿತಿ ಹೊರಗಿನವರಿಗೂ ದೊರಕಿತು. ಗ್ರಾಹಕನೊಬ್ಬ ತನ್ನ ಹೆಸರಿನ ಜಾಗದಲ್ಲಿ ಆ ಅಕ್ಷರಗಳಿಂದ ಶುರುವಾಗುವ ಆಜ್ಞೆ ಬರೆದರೆ, ನಿರ್ವಾಹಕರ ಪಾಸ್‌ವರ್ಡಿನ ಹ್ಯಾಶ್ ಅವನ ಹೆಸರಿನ ಜಾಗದಲ್ಲಿ ಬಂದು ಕೂರುತ್ತಿತ್ತು.

ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ವಿವರಿಸಬಹುದು. ಸಂಘದ ಅರ್ಜಿ ನಮೂನೆಯಲ್ಲಿ 'ಹೆಸರು' ಎಂಬಲ್ಲಿ ಒಬ್ಬ 'ಗಣಪತಿ. ಇವರಿಗೆ ತಿಜೋರಿಯ ಕೀಲಿ ಕೊಡತಕ್ಕದ್ದು' ಎಂದು ಬರೆದ. ಅರ್ಜಿಯನ್ನು ಗಟ್ಟಿಯಾಗಿ ಓದುವ ಜವಾನ, ಕೇಳಿದ್ದನ್ನೆಲ್ಲ ಪಾಲಿಸುವ ಗುಮಾಸ್ತ, ಕೀಲಿ ಹೋಯಿತು. ಹೆಸರು ಎಲ್ಲಿ ಮುಗಿಯಿತು, ಆಜ್ಞೆ ಎಲ್ಲಿ ಆರಂಭವಾಯಿತು ಎಂಬ ಭೇದ ಅಳಿಸಿದ್ದೇ ದೋಷ. ಇದಕ್ಕೆ ಎಸ್.ಕ್ಯು.ಎಲ್. ಇಂಜೆಕ್ಷನ್ ಎಂದು ಹೆಸರು. ಪರಿಹಾರ ಸರಳ: ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಮಾಹಿತಿಯನ್ನು ಪ್ರತ್ಯೇಕವಾಗಿ ಕಳುಹಿಸಬೇಕು.

ತಯಾರಕರು ಬೇಗನೆ ತಿದ್ದುಪಡಿ ಹೊರಡಿಸಿದರು, ನಿಜ. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆ ಇದೆ. ಈ ತಂತ್ರಾಂಶದ ಆಕರ ಸಂಕೇತವನ್ನು ಅಯಾನ್‌ಕ್ಯೂಬ್ ಎಂಬ ಸಾಧನದಿಂದ ಮುಚ್ಚಿ ಮಾರಲಾಗುತ್ತದೆ. ಹಣ ಕೊಟ್ಟವನಿಗೆ ಒಳಗೇನಿದೆ ಎಂದು ಓದಲು ಸಾಧ್ಯವಿಲ್ಲ. ಆದರೂ ದಾಳಿ ಮಾಡುವವರಿಗೆ ದೋಷ ಕಂಡಿತು. ವ್ಯವಸ್ಥೆಯ ಸುರಕ್ಷತೆ ಅದರ ರಚನೆ ಗುಟ್ಟಾಗಿರುವುದನ್ನು ಅವಲಂಬಿಸಬಾರದು, ಕೀಲಿ ಮಾತ್ರ ಗುಟ್ಟಾಗಿದ್ದರೆ ಸಾಕು ಎಂಬ ತತ್ತ್ವವನ್ನು ಆಗಸ್ಟ್ ಕೆರ್ಕಾಫ್ಸ್ 1883ರಲ್ಲಿಯೇ ಮಂಡಿಸಿದ್ದ. 'ನಮ್ಮ ಸಂಕೇತ ಮುಚ್ಚಿದೆ, ಆದ್ದರಿಂದ ಸುರಕ್ಷಿತ' ಎಂಬ ಮಾರಾಟದ ಮಾತನ್ನು ಈ ತತ್ತ್ವದ ಬೆಳಕಿನಲ್ಲಿ ಕೇಳಬೇಕು.

ಮೂರು ತಂತ್ರಾಂಶಗಳು

ಡಬ್ಲ್ಯು.ಎಚ್.ಎಂ.ಸಿ.ಎಸ್. ತಂತ್ರಾಂಶದ ಬಲ ಅದರ ಹರವು. ಬಹುತೇಕ ಎಲ್ಲ ನಿಯಂತ್ರಣ ಫಲಕ, ನೋಂದಣಿದಾರ, ಪಾವತಿ ದ್ವಾರಗಳಿಗೆ ಅದರಲ್ಲಿ ಜೋಡಣೆ ದೊರೆಯುತ್ತದೆ. ಪ್ರೋಗ್ರಾಮಿಂಗ್ ಬಾರದವರೂ ನಡೆಸಬಹುದು. ದೌರ್ಬಲ್ಯ ಪರಾವಲಂಬನೆ. ಪರವಾನಗಿ ಶುಲ್ಕ ಡಾಲರಿನಲ್ಲಿದೆ, ಸಕ್ರಿಯ ಗ್ರಾಹಕರ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಇದೇ ಉದ್ಯಮದ ಇನ್ನೊಂದು ಉದಾಹರಣೆ ನೋಡಿ: ಸಿ-ಪ್ಯಾನೆಲ್ ಎಂಬ ಜನಪ್ರಿಯ ನಿಯಂತ್ರಣ ಫಲಕ 2018ರಲ್ಲಿ ಹೂಡಿಕೆ ಸಂಸ್ಥೆಯೊಂದರ ಕೈಸೇರಿತು. 2019ರಲ್ಲಿ ಅದುವರೆಗೆ ಸರ್ವರಿಗೆ ಇಷ್ಟು ಎಂದಿದ್ದ ಶುಲ್ಕವನ್ನು ಖಾತೆಗಳ ಸಂಖ್ಯೆಗೆ ಕಟ್ಟಿತು. ಒಂದೇ ಸರ್ವರಿನಲ್ಲಿ ನೂರಾರು ಪುಟ್ಟ ಖಾತೆಗಳನ್ನಿಟ್ಟು ಜೀವನ ಮಾಡುತ್ತಿದ್ದ ಕಂಪನಿಗಳಿಗೆ ಇದರಿಂದ ಪೆಟ್ಟು ಬಿತ್ತು. ಈಗ ಸಿ-ಪ್ಯಾನೆಲ್ ಮತ್ತು ಡಬ್ಲ್ಯು.ಎಚ್.ಎಂ.ಸಿ.ಎಸ್. ಎರಡೂ ವೆಬ್‌ಪ್ರೋಸ್ ಎಂಬ ಒಂದೇ ಸಮೂಹದಲ್ಲಿವೆ.

ಎರಡನೆಯದು ಬ್ಲೆಸ್ಟಾ. ಇದೂ ಹಣ ಕೊಟ್ಟು ಕೊಳ್ಳುವಂಥದೇ. ಆದರೆ ಪರವಾನಗಿಗೆ ಸಂಬಂಧಿಸಿದ ಕೆಲವೇ ಕಡತಗಳನ್ನು ಬಿಟ್ಟು ಉಳಿದ ಸಂಕೇತವೆಲ್ಲ ಓದಲು ತೆರೆದಿದೆ. ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ನೋಡಬಹುದು. ಹೊಸ ಜೋಡಣೆ ಬರೆಯುವವರಿಗೆ ಹಳೆಯ ಜೋಡಣೆಗಳೇ ಪಠ್ಯಪುಸ್ತಕ. ಸಿದ್ಧ ಜೋಡಣೆಗಳು ಮೊದಲನೆಯದರಷ್ಟು ಇಲ್ಲ, ಆದ್ದರಿಂದ ಕಂಪನಿಯಲ್ಲಿ ಪಿ.ಎಚ್.ಪಿ. ಬಲ್ಲವರೊಬ್ಬರು ಇರಲೇಬೇಕು.

ಮೂರನೆಯದು ಫಾಸ್‌ಬಿಲ್ಲಿಂಗ್. ಬಾಕ್ಸ್‌ಬಿಲ್ಲಿಂಗ್ ಎಂಬ ಹಳೆಯ ಯೋಜನೆಯಿಂದ 2022ರಲ್ಲಿ ಕವಲೊಡೆದ, ಅಪಾಚೆ ಪರವಾನಗಿಯ ಸಂಪೂರ್ಣ ಮುಕ್ತ ತಂತ್ರಾಂಶ. ಶುಲ್ಕವಿಲ್ಲ, ಮುಚ್ಚುಮರೆಯಿಲ್ಲ. ಆದರೆ ಇನ್ನೂ ಪರೀಕ್ಷಾ ಹಂತದ ತಂತ್ರಾಂಶ, ನಿಜವಾದ ವ್ಯವಹಾರಕ್ಕೆ ಶಿಫಾರಸು ಮಾಡುವುದಿಲ್ಲ ಎಂದು ಅದರ ತಯಾರಕರೇ ಆರಂಭದ ಆವೃತ್ತಿಗಳಲ್ಲಿ ಎಚ್ಚರಿಸಿದ್ದರು. ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಮುಕ್ತ ತಂತ್ರಾಂಶ ಎಂದಾಕ್ಷಣ ಸುರಕ್ಷಿತವಾಗಿಬಿಡುವುದಿಲ್ಲ. ಓದಲು ಸಾಧ್ಯ ಎಂಬುದು ಒಂದು ಮಾತು, ಯಾರಾದರೂ ಓದಿದ್ದಾರೆ ಎಂಬುದು ಬೇರೆ ಮಾತು.

ವಿಸ್ತರಣೆ ಎಂಬ ಇಬ್ಬಾಯ ಖಡ್ಗ

ವಿಸ್ತರಣಾಯೋಗ್ಯ ಎಂದರೆ ಮೂಲ ತಂತ್ರಾಂಶವನ್ನು ಮುಟ್ಟದೆ ಹೊಸ ಕೆಲಸಗಳನ್ನು ಜೋಡಿಸಬಲ್ಲದ್ದು. ಇದು ಬೇಕೇಬೇಕು, ಏಕೆಂದರೆ ಹೊರದೇಶದಲ್ಲಿ ತಯಾರಾದ ಈ ಮೂರಕ್ಕೂ ನಮ್ಮ ಕಾನೂನು, ನಮ್ಮ ಲಿಪಿ, ನಮ್ಮ ಯು.ಪಿ.ಐ. ಮೊದಲಿನಿಂದ ಗೊತ್ತಿರಲಿಲ್ಲ. ಆದರೆ ಇಲ್ಲಿಯೇ ಜಾಹೀರಾತು ಹೇಳದ ಸಂಗತಿಯೊಂದಿದೆ. ಈ ತಂತ್ರಾಂಶಗಳಲ್ಲಿ ಜೋಡಣೆಯೊಂದನ್ನು ಹಾಕಿದರೆ ಅದು ಮೂಲ ತಂತ್ರಾಂಶದ ಎಲ್ಲ ಅಧಿಕಾರವನ್ನೂ ಪಡೆಯುತ್ತದೆ. ಕನ್ನಡದಲ್ಲಿ ಶುಭಾಶಯ ತೋರಿಸಲು ಬಂದ ಪುಟ್ಟ ಜೋಡಣೆಯೂ ಬಯಸಿದರೆ ಸರ್ವರಿನ ಕೀಲಿಗಳನ್ನು ಓದಬಲ್ಲದು. ಎಂದರೆ ವಿಸ್ತರಣೆ ಹೆಚ್ಚಿದಷ್ಟೂ ಸುರಕ್ಷತೆ ತಗ್ಗುತ್ತದೆ. ಇವೆರಡನ್ನೂ ಒಟ್ಟಿಗೆ ಕೊಡುತ್ತೇವೆ ಎನ್ನುವವರು ಜೋಡಣೆಗಳ ಅಧಿಕಾರಕ್ಕೆ ಮಿತಿ ಹಾಕುವ ವ್ಯವಸ್ಥೆಯನ್ನೂ ತೋರಿಸಬೇಕು. ಈ ವಿಷಯದಲ್ಲಿ ಮೂರೂ ತಂತ್ರಾಂಶಗಳು ಪೂರ್ಣಾಂಕ ಗಳಿಸುವುದಿಲ್ಲ.

ಹಾಗಾದರೆ ತಂತ್ರಾಂಶವನ್ನು ಪರೀಕ್ಷಿಸುವುದು ಹೇಗೆ? ಮಾರಾಟಗಾರರ ಗುಣಪಟ್ಟಿಯನ್ನು ಬದಿಗಿಟ್ಟು, ನೀವೇ ಮಾಡಿ ನೋಡಬಹುದಾದ ಐದು ಪರೀಕ್ಷೆಗಳನ್ನು ಇಲ್ಲಿ ಕೊಟ್ಟಿದೆ.

ಮೊದಲನೆಯದು ಪೈಸೆಯ ಪರೀಕ್ಷೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾಯಿತು. ಹೋಸ್ಟಿಂಗ್ ಸೇವೆಗೆ ತೆರಿಗೆ ಶೇಕಡಾ 18. ನೋಂದಾಯಿತ ಕಂಪನಿ ಶಿರಸಿಯಲ್ಲಿದ್ದು ಗ್ರಾಹಕ ಯಲ್ಲಾಪುರದವನಾದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9; ಗ್ರಾಹಕ ಗೋವೆಯವನಾದರೆ ಒಟ್ಟಾಗಿ 18ರ ಐ.ಜಿ.ಎಸ್.ಟಿ. ಈಗ 349 ರೂಪಾಯಿ 50 ಪೈಸೆಯ ಬಿಲ್ ತೆಗೆಯಿರಿ. ಶೇಕಡಾ 18 ಎಂದರೆ 62.91. ಆದರೆ ಶೇಕಡಾ 9 ಎಂದರೆ 31.455, ಅದನ್ನು 31.46 ಮಾಡಿ ಎರಡು ಸಲ ಕೂಡಿದರೆ 62.92. ಒಂದು ಪೈಸೆ ಎಲ್ಲಿಂದ ಬಂತು? ತಂತ್ರಾಂಶ ಎಲ್ಲಿ ದುಂಡುಗೊಳಿಸುತ್ತದೆ, ಪ್ರತಿ ಸಲವೂ ಒಂದೇ ಕ್ರಮ ಅನುಸರಿಸುತ್ತದೆಯೆ ಎಂದು ನೋಡಿ. 0.1 ಎಂಬ ಸರಳ ದಶಮಾಂಶವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿಯಾಗಿ ಬರೆಯಲಾಗದು. ಆದ್ದರಿಂದ ಒಳ್ಳೆಯ ತಂತ್ರಾಂಶ ಹಣವನ್ನು ತೇಲುಬಿಂದು ಸಂಖ್ಯೆಯಾಗಿ ಇಡುವುದಿಲ್ಲ. ಪೈಸೆಗಳ ಪೂರ್ಣಾಂಕವಾಗಿಯೋ ಸ್ಥಿರ ದಶಮಾಂಶವಾಗಿಯೋ ಇಡುತ್ತದೆ. ತೆರಿಗೆಯನ್ನು ಎರಡು ಪದರಗಳಲ್ಲಿ, ರಾಜ್ಯವಾರು ನಿಗದಿಪಡಿಸುವ ಅನುಕೂಲ ಡಬ್ಲ್ಯು.ಎಚ್.ಎಂ.ಸಿ.ಎಸ್.ನಲ್ಲಿ ಸಿದ್ಧವಾಗಿಯೇ ಇದೆ. ಆದರೆ ಗ್ರಾಹಕ ಕೊಟ್ಟ ಜಿ.ಎಸ್.ಟಿ. ಸಂಖ್ಯೆಯ ಮೊದಲ ಎರಡು ಅಂಕಿ 29 ಆಗಿದ್ದು, ವಿಳಾಸದಲ್ಲಿ ಮಾತ್ರ ಗೋವಾ ಎಂದಿದ್ದರೆ ಎಚ್ಚರಿಸುವ ಕೆಲಸವನ್ನು ಜೋಡಣೆಯಿಂದ ಮಾಡಿಸಬೇಕು.

ಎರಡನೆಯದು ಗಡಿಯಾರದ ಪರೀಕ್ಷೆ. ಬಹಳಷ್ಟು ಸರ್ವರುಗಳ ಗಡಿಯಾರ ವಿಶ್ವ ಸಮಯಕ್ಕೆ ಹೊಂದಿಕೊಂಡಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ 4 ಗಂಟೆಗೆ ತಯಾರಾದ ಬಿಲ್ಲಿಗೆ ಸರ್ವರಿನ ಲೆಕ್ಕದಲ್ಲಿ ಮಾರ್ಚ್ 31, ರಾತ್ರಿ 10.30. ಎಂದರೆ ಬಿಲ್ ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂರುತ್ತದೆ. ಬಿಲ್ ಸಂಖ್ಯೆ ಆರ್ಥಿಕ ವರ್ಷದೊಳಗೆ ಕ್ರಮವಾಗಿ, ಮರುಕಳಿಸದೆ, 16 ಅಕ್ಷರ ಮೀರದೆ ಇರಬೇಕೆಂದು ಜಿ.ಎಸ್.ಟಿ. ನಿಯಮ ಹೇಳುತ್ತದೆ. ಗಡಿಯಾರ ತಪ್ಪಿದರೆ ಈ ಕ್ರಮವೂ ತಪ್ಪುತ್ತದೆ.

ಮೂರನೆಯದು ಎರಡು ಸಲ ಬಂದ ಹಣದ ಪರೀಕ್ಷೆ. ಗ್ರಾಹಕ ಯು.ಪಿ.ಐ. ಮೂಲಕ ಹಣ ಕಳುಹಿಸಿದಾಗ ಪಾವತಿ ದ್ವಾರ ನಿಮ್ಮ ಸರ್ವರಿಗೆ ಸಂದೇಶ ಕಳುಹಿಸುತ್ತದೆ. 'ತಲುಪಿತು' ಎಂಬ ಉತ್ತರ ಅದಕ್ಕೆ ಬಾರದಿದ್ದರೆ ಮತ್ತೊಮ್ಮೆ ಕಳುಹಿಸುತ್ತದೆ. ಒಂದೇ ಪಾವತಿಯನ್ನು ತಂತ್ರಾಂಶ ಎರಡು ಸಲ ಜಮೆ ಮಾಡಿದರೆ ನಷ್ಟ ನಿಮ್ಮದು. ವಹಿವಾಟು ಸಂಖ್ಯೆ ಒಮ್ಮೆ ಕಿರ್ದಿಗೆ ಬಂದಿದ್ದರೆ ಎರಡನೆಯ ಸಲ ಅದನ್ನು ಸ್ವೀಕರಿಸದಂತೆ ಡೇಟಾಬೇಸಿನಲ್ಲಿಯೇ ತಡೆ ಇರಬೇಕು. ಇನ್ನೊಂದು ಅಪಾಯವೂ ಇದೆ. ಹಣ ಬಂದಿದೆ ಎಂಬ ಸುಳ್ಳು ಸಂದೇಶವನ್ನು ಬೇರೆ ಯಾರಾದರೂ ಕಳುಹಿಸಿದರೆ? ಇದನ್ನು ತಡೆಯಲು ಪಾವತಿ ದ್ವಾರಗಳು ಸಂದೇಶ ಮತ್ತು ರಹಸ್ಯ ಕೀಲಿ ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ಮುದ್ರೆಯೊಂದನ್ನು ಜೊತೆಗೆ ಕಳುಹಿಸುತ್ತವೆ. ಜೋಡಣೆ ಆ ಮುದ್ರೆಯನ್ನು ಪರಿಶೀಲಿಸದಿದ್ದರೆ ಅದನ್ನು ಅಂದೇ ತೆಗೆದುಹಾಕಿ.

ನಾಲ್ಕನೆಯದು ಕನ್ನಡದ ಪರೀಕ್ಷೆ. ಗ್ರಾಹಕರ ಊರಿನ ಜಾಗದಲ್ಲಿ 'ಶಿರಸಿ', 'ಸಿದ್ದಾಪುರ', 'ಯಲ್ಲಾಪುರ' ಎಂದು ಬರೆದು ಪಿ.ಡಿ.ಎಫ್. ಬಿಲ್ ತೆಗೆಯಿರಿ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಬಿಲ್ಲಿನಲ್ಲಿ ಕೆಡಬಹುದು. 'ಶಿ'ಯ ಗುಡಿಸು ಅಕ್ಷರದಿಂದ ಬೇರೆಯಾಗಿ ನಿಲ್ಲುತ್ತದೆ. ದಕಾರದ, ಲಕಾರದ ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲಿ ಉಳಿಯುತ್ತವೆ. ಕಾರಣ ಇಷ್ಟೆ: ಯುನಿಕೋಡಿನಲ್ಲಿ ಕನ್ನಡವನ್ನು ವ್ಯಂಜನ, ಹಲಂತ, ಸ್ವರಚಿಹ್ನೆಗಳ ಸಾಲಾಗಿ ಸಂಗ್ರಹಿಸಲಾಗುತ್ತದೆ. ಅವನ್ನು ಸರಿಯಾದ ಆಕಾರಕ್ಕೆ ಕೂಡಿಸುವುದು ಬೇರೊಂದು ಹಂತ. ಡಬ್ಲ್ಯು.ಎಚ್.ಎಂ.ಸಿ.ಎಸ್. ಅವಲಂಬಿಸಿರುವ ಟಿ.ಸಿ.ಪಿ.ಡಿ.ಎಫ್. ಎಂಬ ಗ್ರಂಥಾಲಯಕ್ಕೆ ಭಾರತೀಯ ಲಿಪಿಗಳ ಈ ಹಂತ ತಿಳಿಯದು. ಎಂ.ಪಿ.ಡಿ.ಎಫ್.ಗೆ ತಿಳಿದಿದೆ. ಬಿಲ್ ಮುದ್ರಿಸುವ ಭಾಗವನ್ನು ಮಾತ್ರ ಬದಲಿಸಲು ಅವಕಾಶವಿದೆಯೆ? ಇದ್ದರೆ ಆ ತಂತ್ರಾಂಶ ನಿಜಕ್ಕೂ ವಿಸ್ತರಣಾಯೋಗ್ಯ. ಬ್ಲೆಸ್ಟಾದಲ್ಲಿ ಬಿಲ್ಲಿನ ನಮೂನೆ ಬರೆಯುವ ಸಂಕೇತ ತೆರೆದಿರುವುದು ಇಲ್ಲಿ ದೊಡ್ಡ ಅನುಕೂಲ. ಅಡಿಕೆ ಸಂಘದ ಚೀಟಿಯಲ್ಲಿ ತನ್ನ ಊರ ಹೆಸರನ್ನು ಕನ್ನಡದಲ್ಲಿ ಓದುವವನಿಗೆ ಹೋಸ್ಟಿಂಗ್ ಬಿಲ್ಲಿನಲ್ಲಿ ಮುರಿದ ಅಕ್ಷರ ಏಕೆ?

ಐದನೆಯದು ಅಳಿಸುವ ಪರೀಕ್ಷೆ. ಹಳೆಯ ಕಿರ್ದಿಯಲ್ಲಿ ತಪ್ಪು ಅಂಕಿಯನ್ನು ಅಳಿಸುವುದಿಲ್ಲ; ಗೆರೆ ಎಳೆದು, ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಾರೆ. ತಂತ್ರಾಂಶದಲ್ಲಿ ಕಳುಹಿಸಿಯಾದ ಬಿಲ್ ಒಂದನ್ನು ಅಳಿಸಲು ಪ್ರಯತ್ನಿಸಿ. ಸುಮ್ಮನೆ ಅಳಿಸಿದರೆ ಅದು ಲೆಕ್ಕದ ತಂತ್ರಾಂಶವಲ್ಲ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಆ ಜಾಡನ್ನು ನಿಲ್ಲಿಸಲು ಸಾಧ್ಯವಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಬಾಡಿಗೆ ಸರ್ವರ್ ಒದಗಿಸುವವರು ಗ್ರಾಹಕರ ವಿವರವನ್ನು ಸೇವೆ ಮುಗಿದ ಮೇಲೂ 5 ವರ್ಷ ಇಡಬೇಕು. ಸೈಬರ್ ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಹಳೆಯ ಗ್ರಾಹಕರನ್ನು ತಾನಾಗಿ ಅಳಿಸುವ ಸೌಲಭ್ಯವನ್ನು ಒತ್ತುವ ಮೊದಲು ಇದು ನೆನಪಿರಲಿ.

ಹಣ ಹೊರಹೋಗುವ ಬಾಗಿಲು

ಹಣ ಒಳಬರುವ ದಾರಿಯನ್ನು ಎಲ್ಲರೂ ಕಾಯುತ್ತಾರೆ. ಹಣ ಹಿಂದಿರುಗಿಸುವ ದಾರಿಯನ್ನು ಕಾಯುವವರು ಕಡಿಮೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿದ ಪ್ರಕರಣ ಸಿ.ಐ.ಡಿ. ತನಿಖೆಗೆ ಹೋಯಿತು. ಅದು ಗುತ್ತಿಗೆದಾರರಿಗೆ ಹಿಂದಿರುಗಬೇಕಿದ್ದ ಮುಂಗಡ ಠೇವಣಿಯ ಹಣ. ಸರ್ಕಾರದ ವ್ಯವಸ್ಥೆಗೇ ಹೀಗಾದರೆ ಇಬ್ಬರ ಕಂಪನಿಯ ಗತಿಯೇನು ಎಂದು ಕೈಚೆಲ್ಲಬೇಕಿಲ್ಲ. ಸಣ್ಣವರಿಗೆ ಒಂದು ಅನುಕೂಲವಿದೆ: ಮರುಪಾವತಿಗಳು ತಿಂಗಳಿಗೆ ನಾಲ್ಕೈದು ಇರಬಹುದು, ಅವನ್ನು ತಂತ್ರಾಂಶಕ್ಕೆ ಬಿಡದೆ ಇಬ್ಬರೂ ನೋಡಿ, ಕೈಯಾರೆ ಮಾಡಬಹುದು.

ಕಾರ್ಡ್ ಸಂಖ್ಯೆಗಳನ್ನು 'ಅತ್ಯಂತ ಸುರಕ್ಷಿತವಾಗಿ' ಇಡುತ್ತೇವೆ ಎಂಬ ಹೊಗಳಿಕೆಗೆ ನಮ್ಮಲ್ಲಿ ಬೆಲೆಯಿಲ್ಲ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವುದನ್ನೇ ರಿಸರ್ವ್ ಬ್ಯಾಂಕ್ ನಿಲ್ಲಿಸಿದೆ. ಅದರ ಬದಲಿಗೆ ಟೋಕನ್ ಬಳಸಬೇಕು. ಇಲ್ಲದ ವಸ್ತುವನ್ನು ಕದಿಯಲಾಗದು. 2012ರ ಪಾಠವನ್ನು ಕಾನೂನೇ ಕಲಿಸಿದಂತಾಯಿತು.

ಆಯ್ಕೆ ಯಾವುದು?

ಪ್ರೋಗ್ರಾಮಿಂಗ್ ಬಲ್ಲ ಒಬ್ಬರಾದರೂ ಇರುವ ಸಣ್ಣ ಕಂಪನಿಗೆ ಬ್ಲೆಸ್ಟಾ ಸೂಕ್ತ ಎಂಬುದು ನಮ್ಮ ಅಭಿಪ್ರಾಯ. ಜೋಡಣೆ ಕಡಿಮೆ ಎಂಬ ಅದರ ಕೊರತೆಯೇ ಒಂದು ಬಗೆಯ ರಕ್ಷಣೆ. ಬೇಕಾದ್ದನ್ನಷ್ಟೇ ನೀವೇ ಬರೆದುಕೊಳ್ಳುತ್ತೀರಿ, ಬರೆದದ್ದನ್ನು ಓದಬಲ್ಲಿರಿ. ಯಾರಿಗೂ ಪ್ರೋಗ್ರಾಮಿಂಗ್ ಬಾರದಿದ್ದರೆ ಡಬ್ಲ್ಯು.ಎಚ್.ಎಂ.ಸಿ.ಎಸ್. ಅನಿವಾರ್ಯವಾಗಬಹುದು. ಆಗ ಶುಲ್ಕ ಏರಿಕೆಗೆ ಲೆಕ್ಕದಲ್ಲಿ ಜಾಗವಿಟ್ಟು, ಹೊರಗಿನ ಜೋಡಣೆಗಳನ್ನು ಬೆರಳೆಣಿಕೆಗೆ ಇಳಿಸಿ. ಫಾಸ್‌ಬಿಲ್ಲಿಂಗನ್ನು ವ್ಯವಹಾರಕ್ಕಲ್ಲ, ಕಲಿಕೆಗೆ ತನ್ನಿ. ಕಾಲೇಜಿನ ಪ್ರಯೋಗಾಲಯಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಈ ಮೂರರಲ್ಲಿ ಇಲ್ಲ.

ಯಾವುದನ್ನು ಆರಿಸಿದರೂ ಮೂರು ಕಟ್ಟುಪಾಡುಗಳು ಬೇಕು. ಬಿಲ್ಲಿಂಗ್ ತಂತ್ರಾಂಶ ಗ್ರಾಹಕರ ಜಾಲತಾಣಗಳಿರುವ ಸರ್ವರಿನಲ್ಲಿ ಇರಕೂಡದು. ನಿರ್ವಾಹಕರ ಪ್ರವೇಶಕ್ಕೆ ಎರಡನೆಯ ಗುರುತು ಬೇಕು, ಅದಕ್ಕೆ ಎಸ್.ಎಂ.ಎಸ್. ಬದಲು ಸಮಯಾಧಾರಿತ ಆರಂಕಿಯ ಸಂಕೇತ ಬಳಸಿ. ಫೋನು ತನ್ನಲ್ಲಿರುವ ರಹಸ್ಯ ಮತ್ತು ಗಡಿಯಾರದಿಂದಲೇ ಅದನ್ನು ಲೆಕ್ಕ ಹಾಕುವುದರಿಂದ ಮಳೆಗಾಲದಲ್ಲಿ ಸಿಗ್ನಲ್ ಹೋದರೂ ಸಂಕೇತ ಸಿಗುತ್ತದೆ. ಮೂರನೆಯದಾಗಿ, ಹಣ ಬಾರದ ಜಾಲತಾಣವನ್ನು ಯಂತ್ರ ಅಮಾನತಿನಲ್ಲಿಡಲಿ, ಅಳಿಸುವ ಅಧಿಕಾರ ಮಾತ್ರ ಮನುಷ್ಯರ ಕೈಯಲ್ಲಿರಲಿ. ವರ್ಗವಾಗಿ ಹೋದ ಮುಖ್ಯೋಪಾಧ್ಯಾಯರ ಇ-ಮೇಲಿಗೆ ಮೂರು ನೆನಪೋಲೆ ಕಳುಹಿಸಿ, ಉತ್ತರ ಬರಲಿಲ್ಲವೆಂದು ಶಾಲೆಯ ತಾಣವನ್ನು ಅಳಿಸುವ ಯಂತ್ರಕ್ಕೆ ಒಂದು ದೂರವಾಣಿ ಕರೆ ಮಾಡುವ ವಿವೇಕವಿರುವುದಿಲ್ಲ.

ಶಿಕ್ಷಕರು ಇದರಿಂದ ತರಗತಿಗೆ ಒಯ್ಯಬಹುದಾದ ಚಟುವಟಿಕೆಯೂ ಇದೆ. ಜಿ.ಎಸ್.ಟಿ. ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಮುಂದಿನ ಹತ್ತು ಪ್ಯಾನ್, ಕೊನೆಯದು ತಾಳೆ ನೋಡುವ ಅಕ್ಷರ. 0ಯಿಂದ 9ರವರೆಗಿನ ಅಂಕಿಗಳೂ ಇಂಗ್ಲಿಷಿನ 26 ಅಕ್ಷರಗಳೂ ಸೇರಿ 36 ಆಗುವುದರಿಂದ ಆ ತಾಳೆಯನ್ನು 36ರ ಶೇಷದಿಂದ ಲೆಕ್ಕ ಹಾಕುತ್ತಾರೆ. ಅಂಗಡಿಯ ರಸೀದಿಯಲ್ಲಿರುವ ಸಂಖ್ಯೆಯೊಂದನ್ನು ತೆಗೆದುಕೊಂಡು ಒಂದು ಅಕ್ಷರ ತಪ್ಪಿಸಿ, ತಾಳೆ ಹೇಗೆ ಕೆಡುತ್ತದೆ ಎಂದು ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿ. ತಂತ್ರಾಂಶ ಹೇಳಿದ್ದನ್ನು ನಂಬುವ ಮೊದಲು ತಾಳೆ ನೋಡಬೇಕೆಂಬ ಅಭ್ಯಾಸ ಅಲ್ಲಿಂದ ಬೆಳೆಯಲಿ.